ಬಾಯಾರಿಕೆ ಮರೆತ ವರ್ಷಗಳು

ನೀರು ಕುಡಿಯದೆ ದಿನ ಕಳೆಯುವುದನ್ನು ನನಗೆ ಕಲಿಸಿದವರು ನಮ್ಮ ಶಾಲೆಯ ಕನ್ನಡ ಮೇಡಂ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ, ಸ್ಟಾಫ್ ರೂಮಿನಲ್ಲಿ ಗಂಡಸರು ಯಾರೂ ಇಲ್ಲದ ಹೊತ್ತು ನೋಡಿ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೇಳಿದರು. ಬೆಳಿಗ್ಗೆ ಕಾಫಿ ಅರ್ಧ ಲೋಟ ಸಾಕು. ಬಸ್ಸು ಹತ್ತುವ ಮುಂಚೆ ಒಮ್ಮೆ ಹೋಗಿ ಬಂದುಬಿಡಬೇಕು. ಮಧ್ಯಾಹ್ನದ ಬುತ್ತಿಗೆ ಸಾರು, ಮಜ್ಜಿಗೆ ತರಬಾರದು, ಒಣ ತಿಂಡಿ ಏನಾದರೂ ತರಬೇಕು. ಬಾಯಿ ಒಣಗಿದರೆ ಒಂದು ಏಲಕ್ಕಿ ಅಗಿಯಬೇಕು. "ಮೊದಮೊದಲು ಕಷ್ಟ ಆಗುತ್ತೆ ನೋಡಮ್ಮ, ಆಮೇಲೆ ಮೈಯೇ ಒಗ್ಗಿಕೊಳ್ಳುತ್ತೆ" ಅಂದರು. ತಂಗಿಗೆ ಸೀರೆಯ ನೆರಿಗೆ ಹಿಡಿಯುವುದನ್ನು ಹೇಳಿಕೊಡುವ ಹಾಗಿತ್ತು ಅವರ ದನಿ. ನಾನು ತಲೆಯಾಡಿಸಿದೆ. ಅವರ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಮಾತು. ನನ್ನನ್ನು ಹೊಳೆನರಸೀಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಣಿತ, ವಿಜ್ಞಾನದ ಟೀಚರ್ ಕೆಲಸ ಸಿಕ್ಕಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಬೆಳಿಗ್ಗೆ ಒಂದು ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು, ಹೊಗೆಸೊಪ್ಪಿನ ಹೊಲಗಳ ಮಧ್ಯೆ ನಡೆದು ಹೋಗಬೇಕಿತ್ತು. ಆ ಶಾಲೆಯಲ್ಲಿ ನಾವಿಬ್ಬರೇ ಹೆಂಗಸರು. ಮಿಕ್ಕವರೆಲ್ಲ ಗಂಡಸರು, ಮಧ್ಯಾಹ್ನ ಟೀ ಕುಡಿದು ಕಾಂಪೌಂಡಿನ ಹಿಂದಕ್ಕೆ ಹೋಗಿ ನಿಂತು ಬರುತ್ತಿದ್ದರು.

ಶಾಲೆಗೆ ಶೌಚಾಲಯ ಇರಲಿಲ್ಲವೆಂದಲ್ಲ. ಹೆಡ್‌ಮಾಸ್ಟರ ಕೋಣೆಯ ಹಿಂದೆ, ಸುಣ್ಣ ಬಳಿದು, ಬಾಗಿಲಿಗೆ ಹಸಿರು ಬಣ್ಣ ಹೊಡೆದು, ಗಟ್ಟಿಮುಟ್ಟಾದ ಒಂದು ಶೌಚಾಲಯ ಇತ್ತು. ಅದಕ್ಕೆ ಸದಾ ಬೀಗ. ಹಾಸನದಿಂದ ಅಧಿಕಾರಿಗಳು ತಪಾಸಣೆಗೆ ಬಂದ ದಿನ ಜವಾನ ಅದನ್ನು ತೆರೆದು, ತೊಳೆದು, ಮೂಲೆಯಲ್ಲಿ ಊದುಬತ್ತಿ ಹಚ್ಚಿಡುತ್ತಿದ್ದ. ಅವರು ಹೋದಮೇಲೆ ಮತ್ತೆ ಬೀಗ. ಉಳಿದ ದಿನಗಳಲ್ಲಿ ಒಳಗೆ ಮುರಿದ ಬೆಂಚಿನ ಕಾಲುಗಳು, ಉಳಿದ ಸಿಮೆಂಟಿನ ಮೂಟೆ, ವಾಲಿಬಾಲಿನ ಬಲೆ ಇರುತ್ತಿದ್ದವು. ಬೀಗದ ಕೈ ಹೆಡ್‌ಮಾಸ್ಟರ ಪ್ಯಾಂಟಿನ ಜೇಬಿನಲ್ಲಿ.

ಹುಡುಗಿಯರ ಪಾಡನ್ನು ಯಾರೂ ಕೇಳುತ್ತಿರಲಿಲ್ಲ. ಅದೇ ಊರಿನವರು ಊಟದ ಬೆಲ್ಲಿಗೆ ಮನೆಗೆ ಓಡುತ್ತಿದ್ದರು. ಪಕ್ಕದ ಹಳ್ಳಿಗಳಿಂದ ಬರುವವರು ಜೊತೆಜೊತೆಯಾಗಿ ಪೊದೆಯ ಮರೆಗೆ ಹೋಗಿ, ಒಬ್ಬಳು ಕೂತಾಗ ಇನ್ನೊಬ್ಬಳು ಕಾವಲು ನಿಲ್ಲುತ್ತಿದ್ದಳು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ತಿಂಗಳಿಗೆ ಇಷ್ಟು ದಿನ ಅಂತ ಅವರು ಶಾಲೆಗೆ ಬರುವುದೇ ನಿಲ್ಲುತ್ತಿತ್ತು. ಹೆಡ್‌ಮಾಸ್ಟರು ಅಸೆಂಬ್ಲಿಯಲ್ಲಿ ನಿಂತು, ಹೆಣ್ಣುಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಭಾಷಣ ಮಾಡುತ್ತಿದ್ದರು.

ಮನೆಯ ಕಡೆ ನೋಡಿದರೆ ಅಲ್ಲಿಯ ನಿಯಮವೇ ಬೇರೆ. ನಮ್ಮ ಮಾವನವರು ಸಂಸ್ಕೃತ ಪಂಡಿತರಾಗಿ ನಿವೃತ್ತರಾದವರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರ ಪೂಜೆ ಮುಗಿದು ನೈವೇದ್ಯ ಆಗುವವರೆಗೆ ಮನೆಯಲ್ಲಿ ಯಾರೂ ಒಂದು ಅಗುಳು ಬಾಯಿಗೆ ಹಾಕುವಂತಿರಲಿಲ್ಲ. ಕಾಫಿಗೆ ಮಾತ್ರ ಹೇಗೋ ವಿನಾಯಿತಿ ಸಿಕ್ಕಿತ್ತು, ಏಕೆಂದರೆ ಅದು ಅವರಿಗೂ ಬೇಕಿತ್ತು. ಪೂಜೆ ಮುಗಿಯುವ ಹೊತ್ತಿಗೆ ನನ್ನ ಬಸ್ಸು ಊರು ದಾಟಿರುತ್ತಿತ್ತು. ನಾನು ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ, ಅನ್ನ, ಹುಳಿ, ಪಲ್ಯ ಮಾಡಿಟ್ಟು, ಅದರಲ್ಲಿ ಒಂದು ತುತ್ತೂ ತಿನ್ನದೆ, ಡಬ್ಬಿಗೆ ಒಣ ಅವಲಕ್ಕಿ ಹಾಕಿಕೊಂಡು ಹೊರಡುತ್ತಿದ್ದೆ. ನನ್ನ ಗಂಡ ಕೋರ್ಟಿನಲ್ಲಿ ಗುಮಾಸ್ತರು. ಅವರು ಹತ್ತು ಗಂಟೆಯ ಮೇಲೆ ಬಿಸಿ ಊಟ ಮಾಡಿ ನಡೆದುಕೊಂಡು ಆಫೀಸಿಗೆ ಹೋಗುತ್ತಿದ್ದರು. ಒಂದೆರಡು ಸಲ ಇದರ ಬಗ್ಗೆ ಅವರ ಹತ್ತಿರ ಮಾತೆತ್ತಿದೆ. ಅಪ್ಪನಿಗೆ ವಯಸ್ಸಾಗಿದೆ, ಸ್ವಲ್ಪ ಹೊಂದಿಕೊಂಡು ಹೋಗು ಅಂದರು. ಹೊಂದಿಕೊಳ್ಳುವುದು ಅವರ ಬಾಯಲ್ಲಿ ಬಹಳ ಸುಲಭದ ಶಬ್ದ.

ಕನ್ನಡ ಮೇಡಂ ಹೇಳಿದ್ದು ಸುಳ್ಳಾಗಲಿಲ್ಲ. ಮೈ ಒಗ್ಗಿಕೊಂಡಿತು. ಮೊದಲಿಗೆ ಮಧ್ಯಾಹ್ನದ ಪೀರಿಯಡ್ಡಿನಲ್ಲಿ ತಲೆ ಸಿಡಿಯುತ್ತಿತ್ತು, ಕಿಬ್ಬೊಟ್ಟೆ ಭಾರವಾಗಿ ಬೋರ್ಡಿನ ಮುಂದೆ ನಿಲ್ಲುವುದೇ ಕಷ್ಟವಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಪ್ರತಿ ಗುಂಡಿಗೂ ಹಲ್ಲು ಕಚ್ಚಿ ಕೂರುತ್ತಿದ್ದೆ. ಆಮೇಲಾಮೇಲೆ ಅದೆಲ್ಲ ಮಂಕಾಯಿತು. ತಲೆನೋವು ದಿನದ ಒಂದು ಭಾಗವಾಯಿತು. ಎದೆಯುರಿಗೆ ಮಾತ್ರೆ, ಮಲಬದ್ಧತೆಗೆ ಪುಡಿ. ಉರಿಮೂತ್ರ ಆಗಾಗ ಬರುತ್ತಿತ್ತು. ಬಂದಾಗ ಬಾರ್ಲಿ ನೀರು ಕುಡಿದು, ಅದಕ್ಕಾಗಿ ರಜೆಯ ದಿನವನ್ನೇ ಕಾಯುತ್ತಿದ್ದೆ. ಹೀಗೆ ಕೆಲವು ವರ್ಷ ಕಳೆದವು. ಕನ್ನಡ ಮೇಡಂ ಒಮ್ಮೆ ನನ್ನನ್ನು ಮೆಚ್ಚಿಕೊಂಡು, ಈಗ ನೀನೂ ಗಟ್ಟಿಯಾದೆ ಅಂದರು.

ಅವರೆಕಾಯಿಯ ಕಾಲ. ಹತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಸೂರದ ಚಿತ್ರ ಬರೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಚಳಿ ಹಿಡಿಯಿತು. ಬಿಸಿಲು ಕಿಟಕಿಯಿಂದ ನೇರ ನನ್ನ ಮೇಲೆ ಬೀಳುತ್ತಿದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಬೆನ್ನಿನ ಬಲಪಕ್ಕದಲ್ಲಿ, ಪಕ್ಕೆಲುಬಿನ ಕೆಳಗೆ, ಯಾರೋ ಮೊಣಕೈಯಿಂದ ಒತ್ತಿದ ಹಾಗೆ ನೋವು. ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, ಚಳಿಗಾಲದಲ್ಲಿ ಜ್ವರ ಎಲ್ಲರಿಗೂ ಬರುತ್ತೆ, ಒಂದು ಮಾತ್ರೆ ತಗೊಂಡು ಮಲಗು ಅಂದರು.

ಮಾರನೆಯ ದಿನ ಅತ್ತೆಯ ಶ್ರಾದ್ಧ. ಅಡಿಗೆ ನಾನೇ ಮಾಡಬೇಕು. ಜ್ವರವಿದ್ದರೂ ತಣ್ಣೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತೆ. ವಡೆ ಕರಿಯುವಾಗ ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಬ್ರಾಹ್ಮಣರ ಊಟ ಮುಗಿಯುವವರೆಗೆ ಒಂದು ತೊಟ್ಟು ನೀರೂ ಕುಡಿಯುವಂತಿಲ್ಲ. ಅವರು ಕೈ ತೊಳೆಯಲು ಎದ್ದರು. ನಾನು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲನ್ನು ಹಿಡಿದುಕೊಂಡು ವಾಂತಿ ಮಾಡಿದೆ. ಅಲ್ಲೇ ಕುಸಿದೆ. ಮಾವನವರು ಹಿಂಬಾಗಿಲಿಗೆ ಬಂದು ನೋಡಿದ್ದು ನನಗೆ ನೆನಪಿದೆ. "ಎಂಥಾ ದಿನ ಇವಳದ್ದು ಶುರುವಾಯ್ತು" ಅಂದರು. ಅದೂ ನೆನಪಿದೆ.

ಬಾಡಿಗೆ ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಮೂತ್ರದ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ಹತ್ತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಇನ್ನಷ್ಟು ತಡ ಮಾಡಿದ್ದರೆ ರಕ್ತಕ್ಕೂ ಹರಡುತ್ತಿತ್ತಂತೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು, ಹೀಗಾಗುತ್ತೆ ಅಂತ ನನಗೇನು ಗೊತ್ತು ಎಂದು ಸುಮಾರು ಸಲ ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವರನ್ನು ಸಮಾಧಾನ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ, ಮನಸ್ಸೂ ಇರಲಿಲ್ಲ.

ಅಲ್ಲಿಂದ ಸುಧಾರಿಸಿಕೊಳ್ಳಲು ಚನ್ನರಾಯಪಟ್ಟಣಕ್ಕೆ, ನನ್ನ ತವರಿಗೆ ಹೋದೆ. ಅಮ್ಮ ಗಂಜಿ ಕೊಟ್ಟಳು, ಕಾಲು ಒತ್ತಿದಳು. ಎಲ್ಲಾ ಹೆಂಗಸರ ಹಣೆಬರಹವೂ ಇಷ್ಟೇ ಎಂದು ಬುದ್ಧಿಯನ್ನೂ ಹೇಳಿದಳು. ಮೊದಲೆರಡು ಸಾಕಿತ್ತು.

ಅಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ತೋರಿಸಿಕೊಳ್ಳುತ್ತಿದ್ದೆ. ಬೆಳಗೊಳದ ಕಡೆಯ ಜೈನ ಮನೆತನದವರು. ಸೂರ್ಯ ಮುಳುಗುವ ಮುಂಚೆ ಅವರ ಊಟ ಆಗಬೇಕಿತ್ತು. ಹಾಗಾಗಿ ಸಂಜೆ ಬೆಂಚಿನ ತುಂಬ ರೋಗಿಗಳಿದ್ದರೂ ಎದ್ದು ಒಳಗೆ ಹೋಗಿ, ಊಟ ಮುಗಿಸಿ, ಕಾಯಿಸಿ ಆರಿಸಿದ ನೀರು ಕುಡಿದು ಬರುತ್ತಿದ್ದರು. ಮೊದಲ ದಿನ ನನಗೆ ರೇಗಿತು. ಇಷ್ಟು ಜನ ಕಾಯುತ್ತಿರುವಾಗ ಊಟವೇ ಎಂದು ಅವರಿಗೆ ಕೇಳುವ ಹಾಗೆಯೇ ಗೊಣಗಿದೆ. ಅವರು ಕುರ್ಚಿಯಲ್ಲಿ ಕೂತು, "ನಾನು ಹಸ್ಕೊಂಡು ನಿನ್ನ ನೋಡಿದ್ರೆ ನಿನ್ನ ಕಾಯಿಲೆ ಬೇಗ ವಾಸಿ ಆಗುತ್ತಾ?" ಎಂದು ಕೇಳಿದರು.

ಆಮೇಲೆ ಅವರು ನನ್ನ ದಿನಚರಿಯನ್ನು ಬೆಳಗಿನಿಂದ ಶುರು ಮಾಡಿ ಕೇಳುತ್ತಾ ಹೋದರು. ಕಾಫಿ, ಬಸ್ಸು, ಅವಲಕ್ಕಿ, ಏಲಕ್ಕಿ. ಅವರ ಮುಖ ಬಿಗಿಯಾಗುತ್ತಾ ಬಂತು.

"ಬಾಯಾರಿಕೆ ಆಗೋದು ಯಾವ ಹೊತ್ತಿಗೆ?" ಅಂದರು.

ನಾನು ಯೋಚಿಸಿದೆ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ಸಂಜೆ ಮನೆಗೆ ಬಂದಾಗ ನೀರು ಕುಡಿಯುತ್ತಿದ್ದೆ, ಆದರೆ ಅದು ಕುಡಿಯಬೇಕೆಂದು ಕುಡಿಯುತ್ತಿದ್ದದ್ದು. ಗಂಟಲು ನೀರು ಕೇಳಿದ್ದು ಯಾವಾಗ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. "ಆಗೋದೇ ಇಲ್ಲ ಡಾಕ್ಟ್ರೇ" ಅಂದೆ.

"ಆಗೋದಿಲ್ಲ ಅಂತ ಅಲ್ಲ. ನಿನ್ನ ಮೈ ಕೂಗಿ ಕೂಗಿ ಸಾಕಾಗಿ ಸುಮ್ಮನಾಗಿದೆ. ಮನೇಲಿ ಹಸುಗೂಸು ಅತ್ತೂ ಅತ್ತೂ ಸುಮ್ಮನಾಗ್ಬಿಟ್ರೆ ಒಳ್ಳೇ ಮಗು ಅಂತೀಯಾ ನೀನು?"

ಅವರು ಹೇಳಿದ್ದರಲ್ಲಿ ದೊಡ್ಡ ಪಥ್ಯವೇನೂ ಇರಲಿಲ್ಲ. ಬಾಯಾರಿಕೆ ಮರಳಿ ಬರುವವರೆಗೆ ಶಾಲೆಯ ಪ್ರತಿ ಬೆಲ್ಲಿಗೂ ನಾಲ್ಕು ಗುಟುಕು ನೀರು ಕುಡಿಯಬೇಕು. ಅವಸರವಾದ ತಕ್ಷಣ ಹೋಗಬೇಕು, ತಡೆಯಬಾರದು. ಮನೆಯಿಂದ ಹೊರಡುವ ಮುಂಚೆ ಹೊಟ್ಟೆಗೆ ಏನಾದರೂ ಬೀಳಬೇಕು. ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ ಅಂದೆ. "ತೆಗೆಸು" ಅಂದರು. ಮಾತ್ರೆಯ ಹೆಸರು ಹೇಳುವಾಗಲೂ ಅವರ ದನಿ ಹಾಗೇ ಇರುತ್ತಿತ್ತು. ನಾನು ಹಾಗೆಲ್ಲ ಜಗಳ ಮಾಡುವವಳಲ್ಲ ಅಂದದ್ದಕ್ಕೆ, ಮಾಡದೆ ಇದ್ದದ್ದಕ್ಕೇ ಇಲ್ಲಿಗೆ ಬಂದಿದ್ದೀಯ ಎಂದು ಮುಂದಿನ ರೋಗಿಯನ್ನು ಕರೆದರು.

ಹೊಳೆನರಸೀಪುರಕ್ಕೆ ವಾಪಸು ಬಂದ ಮೊದಲ ಬೆಳಿಗ್ಗೆ ನಾನು ಉಪ್ಪಿಟ್ಟು ಮಾಡಿದೆ. ಮಾವನವರು ದೇವರ ಕೋಣೆಯಲ್ಲಿದ್ದರು. ತಟ್ಟೆಗೆ ಹಾಕಿಕೊಂಡು, ಅಡಿಗೆಮನೆಯಲ್ಲೇ ಮಣೆಯ ಮೇಲೆ ಕೂತು ತಿನ್ನತೊಡಗಿದೆ. ಒಗ್ಗರಣೆಯ ವಾಸನೆಗೋ, ತಟ್ಟೆಯ ಸದ್ದಿಗೋ ಅವರು ಪೂಜೆಯ ಮಧ್ಯೆಯೇ ಎದ್ದು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಉದ್ಧರಣೆ ಇತ್ತು.

"ನೈವೇದ್ಯ ಆಗಕ್ಕೆ ಮುಂಚೆ ಎಂಜಲು ಮಾಡಿದೆಯಾ?" ಅಂದರು.

"ನನಗೆ ಮಾತ್ರೆ ನುಂಗೋದಿದೆ. ಖಾಲಿ ಹೊಟ್ಟೇಲಿ ನುಂಗೋ ಹಾಗಿಲ್ಲ."

"ಇವತ್ತಿಂದ ನೀನು ಈ ಒಲೆ ಮುಟ್ಟಬೇಡ."

ನನಗೆ ಅಳು ಬರುತ್ತದೆ ಅಂದುಕೊಂಡಿದ್ದರೋ ಏನೋ. ನಾನು ತುತ್ತು ನುಂಗಿ, ಆಗಲಿ ಅಂದೆ. ಆ ದಿನ ಅನ್ನ ಮಾಡದೆ, ಹುಳಿ ಮಾಡದೆ, ತಟ್ಟೆ ತೊಳೆದಿಟ್ಟು ಬಸ್ಸಿಗೆ ಹೋದೆ.

ಸಂಜೆ ಬಂದಾಗ ಮನೆ ಸ್ಮಶಾನದ ಹಾಗಿತ್ತು. ಮಾವನವರು ತಾವೇ ಅನ್ನ ಮಾಡಿಕೊಂಡಿದ್ದರು. ಗಂಡ ಹೋಟೆಲಿನಲ್ಲಿ ಊಟ ಮಾಡಿ ಬಂದು, ಮುಖ ಊದಿಸಿಕೊಂಡು, ಕ್ಷಮೆ ಕೇಳಿಬಿಡು, ಮುಗಿದು ಹೋಗುತ್ತೆ ಅಂದರು. ಯಾವುದಕ್ಕೆ ಎಂದು ಕೇಳಿದೆ. ಆ ಭಾನುವಾರ ನಾನು ಒಂದು ಸೀಮೆಎಣ್ಣೆ ಸ್ಟವ್ ತಂದು ಹಿತ್ತಿಲ ಜಗಲಿಯ ಮೇಲೆ ಇಟ್ಟೆ. ಅಲ್ಲೇ ನನ್ನ ರಾಗಿ ಗಂಜಿ, ರೊಟ್ಟಿ, ಸಾರು. ಗಂಡನಿಗೆ ಬೇಕಾದರೆ ಬಂದು ತಿನ್ನಬಹುದಿತ್ತು. ಕೆಲವು ದಿನ ತಂದೆಯ ಒಲೆ, ಕೆಲವು ದಿನ ನನ್ನ ಸ್ಟವ್ ಎಂದು ಅವರು ಓಡಾಡಿಕೊಂಡಿದ್ದರು. ಮಾವನವರು ಅಲ್ಲಿಂದಾಚೆಗೆ ನನ್ನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ. ಬೀದಿಯವರ ಬಾಯಲ್ಲಿ ನಾನು ಗಯ್ಯಾಳಿಯಾದೆ. ಆದರೆ ಮಧ್ಯಾಹ್ನದ ತಲೆನೋವು ಕಡಿಮೆಯಾಗುತ್ತಾ ಬಂತು. ಬೆಳಿಗ್ಗೆ ಹೊಟ್ಟೆ ತುಂಬಿದ ಮೈ ಬಸ್ಸಿನಲ್ಲಿ ನಿಂತುಕೊಳ್ಳುವ ರೀತಿಯೇ ಬೇರೆ ಎನ್ನುವುದು ನನಗೆ ಆಗ ತಿಳಿಯಿತು.

ಶಾಲೆಯ ಜಗಳ ಇಷ್ಟು ಸುಲಭದ್ದಾಗಿರಲಿಲ್ಲ. ನಾನು ಹೆಡ್‌ಮಾಸ್ಟರ ಕೋಣೆಗೆ ಹೋಗಿ, ಕಾಯಿಲೆಯ ವಿಷಯ ಹೇಳಿ, ಬೀಗದ ಕೈ ಕೇಳಿದೆ. ಅವರು ಅರಕಲಗೂಡಿನ ಕಡೆಯವರು, ದನಿಯೆತ್ತಿ ಮಾತಾಡುವ ಜಾಯಮಾನದವರಲ್ಲ. ನಗುನಗುತ್ತಲೇ ಇಲ್ಲ ಅನ್ನುತ್ತಿದ್ದರು.

"ನಿಮಗೊಬ್ರಿಗೆ ತೆಗೆದ್ರೆ ನಾಳೆ ಹುಡುಗೀರೂ ಕೇಳ್ತಾವೆ ಮೇಡಂ. ನೀರು ಹೊರೋರ್ಯಾರು, ತೊಳೆಯೋರ್ಯಾರು? ಇದ್ದುದ್ದು ನೀಟಾಗೈತೆ, ಇರ್ಲಿ ಬಿಡಿ" ಅಂದರು. ಆಮೇಲೆ ಕನ್ನಡ ಮೇಡಂ ಅವರನ್ನು ಕರೆಸಿ, ನನ್ನೆದುರಿಗೇ ಕೇಳಿದರು. ನಿಮಗೇನಾದರೂ ತೊಂದರೆ ಇದೆಯಾ ಮೇಡಂ ಎಂದು.

ಅವರು ಸೆರಗು ಸರಿಮಾಡಿಕೊಂಡರು. "ನಂಗೇನೂ ತೊಂದರೆ ಇಲ್ಲ ಸಾರ್. ಇಷ್ಟು ವರ್ಷ ಇಲ್ಲೇ ಕೆಲಸ ಮಾಡಿದೀನಿ, ಒಂದು ದಿನ ಬಾಯಿಬಿಟ್ಟು ಕೇಳಿಲ್ಲ. ಕೆಲವರ ಮೈ ಸ್ವಲ್ಪ ನಾಜೂಕು" ಅಂದರು.

ಹೆಡ್‌ಮಾಸ್ಟರು ಇಲ್ಲ ಅಂದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ವರಾಂಡದಲ್ಲಿ ಅವರನ್ನು ತಡೆದು, ನಿಮಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದೆ. ಗಂಡಸರ ಮುಂದೆ ಅಂಥ ಮಾತು ಆಡಲು ನಾಚಿಕೆಯಾಗಬೇಕು ನಿನಗೆ ಎಂದು ಅವರು ಮುಂದೆ ನಡೆದರು. ಅಂದಿನಿಂದ ನಾವು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರತೊಡಗಿದೆವು.

ನಾನು ಡಾಕ್ಟರು ಹೇಳಿದ ಹಾಗೆ ಪ್ರತಿ ಬೆಲ್ಲಿಗೂ ನೀರು ಕುಡಿಯತೊಡಗಿದೆ. ಕುಡಿದ ನೀರು ಸುಮ್ಮನಿರುವುದಿಲ್ಲ. ಊಟದ ಹೊತ್ತಿಗೆ ಹೆಡ್‌ಮಾಸ್ಟರ ಬಾಗಿಲಿಗೆ ಹೋಗಿ ನಿಂತು, ಸಾರ್, ಮೂತ್ರಕ್ಕೆ ಹೋಗಬೇಕು, ಬೀಗದ ಕೈ ಕೊಡಿ ಎನ್ನುತ್ತಿದ್ದೆ. ಯಾರಿದ್ದರೂ ಸರಿ, ಅದೇ ಶಬ್ದ, ಅದೇ ದನಿ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಗಂಡು ಮೇಷ್ಟ್ರುಗಳು ಎದ್ದು ಆಚೆ ಹೋಗುತ್ತಿದ್ದರು. ಬೀಗದ ಕೈ ಮಾತ್ರ ಸಿಗುತ್ತಿರಲಿಲ್ಲ. ನಾನು ಊರೊಳಗೆ ಯಾರದೋ ಮನೆಯ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಪೀರಿಯಡ್ಡಿಗೆ ತಡವಾಗುತ್ತಿತ್ತು. ತಡವಾದದ್ದಕ್ಕೆ ಹೆಡ್‌ಮಾಸ್ಟರು ವಿವರಣೆ ಕೇಳುತ್ತಿದ್ದರು.

ಒಂದು ದಿನ ಅವರು ಮೀಟಿಂಗಿಗೆಂದು ಹಾಸನಕ್ಕೆ ಹೋಗಿದ್ದರು. ಊಟದ ಬೆಲ್ಲು ಹೊಡೆಯಿತು. ನಾನು ಅಂಗಳದಿಂದ ಒಂದು ಗುಂಡುಕಲ್ಲು ತಂದು ಹಸಿರು ಬಾಗಿಲ ಮುಂದೆ ನಿಂತೆ. ಜವಾನ ಓಡಿ ಬಂದ. "ಬ್ಯಾಡ ಕಣವ್ವ, ಸಾಹೇಬ್ರು ನನ್ನ ಬೈತಾರೆ" ಅಂದ. ನಿನ್ನ ಹೆಸರು ಹೇಳುವುದಿಲ್ಲ, ದೂರ ಹೋಗಿ ನಿಂತುಕೋ ಅಂದೆ. ಬೀಗ ಹಳೆಯದಿರಬೇಕು, ಕೆಲವೇ ಪೆಟ್ಟಿಗೆ ಚಿಲಕದ ಸಮೇತ ಕಿತ್ತು ಬಂತು. ಹಿಂದೆ ತಿರುಗಿ ನೋಡಿದರೆ ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ. ಬೆಂಚಿನ ಕಾಲುಗಳನ್ನು ಅವರೇ ಹೊರಗೆ ಎಳೆದು ಹಾಕಿದರು.

ನಿರೀಕ್ಷಿಸಿದ್ದೆಲ್ಲ ಆಯಿತು. ಸರ್ಕಾರಿ ಆಸ್ತಿ ಹಾಳು ಮಾಡಿದ್ದೇನೆಂದು ಮೆಮೊ ಕೊಟ್ಟರು. ವಿಚಾರಣೆಗೆ ಹಾಸನದಿಂದ ಒಬ್ಬ ಅಧಿಕಾರಿ ಬಂದರು. ನಾನು ಆಸ್ಪತ್ರೆಯ ಕಾಗದಗಳನ್ನು ಮೇಜಿನ ಮೇಲಿಟ್ಟು, ಬೀಗ ಹಾಕಿದ್ದ ವರ್ಷಗಳೆಷ್ಟು ಎಂದು ಇವರನ್ನು ಕೇಳಿ ಸಾರ್ ಅಂದೆ. ಅಧಿಕಾರಿಗೆ ನನ್ನ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ಇಂಥ ಅಸಹ್ಯದ ವಿಷಯಕ್ಕೆ ಇಷ್ಟು ದೂರ ಬರಬೇಕಾಯಿತಲ್ಲ ಎಂದು ಅವರ ಮುಖ ಹುಳಿಯಾಗಿತ್ತು. ಪೇಪರಿನವರಿಗೆ ಗೊತ್ತಾದರೆ ಎನ್ನುವ ಭಯ ಮಾತ್ರ ಇತ್ತು. ನನಗೆ ಒಂದು ಎಚ್ಚರಿಕೆ ಕೊಟ್ಟು, ಮಹಿಳಾ ಸಿಬ್ಬಂದಿಗೆ ಬಾಗಿಲು ತೆರೆದುಕೊಡಬೇಕೆಂದು ಹೆಡ್‌ಮಾಸ್ಟರಿಗೆ ಹೇಳಿ ಹೊರಟುಹೋದರು.

ಹೆಡ್‌ಮಾಸ್ಟರು ಹೊಸ ಬೀಗ ತರಿಸಿದರು. ಅದರ ಕೈಯನ್ನು ಕನ್ನಡ ಮೇಡಂಗೆ ಕೊಟ್ಟರು, ಹಿರಿಯರು ಅನ್ನುವ ನೆಪದಲ್ಲಿ. ಬೇಡ ಅಂದವರ ಕೈಗೆ ಕೊಟ್ಟು, ಬೇಕು ಅಂದವಳು ಅವರ ಮುಂದೆ ಕೈಯೊಡ್ಡಲಿ ಎನ್ನುವ ಲೆಕ್ಕ. ನಾನು ಕೈಯೊಡ್ಡಿದೆ. ಅವರು ಬ್ಯಾಗು ತಡಕುವ ನಾಟಕ ಮಾಡುತ್ತಿದ್ದರು, ಪೇಪರ್ ತಿದ್ದುವುದನ್ನು ಮುಗಿಸಿ ಕೊಡುತ್ತೇನೆ ಎನ್ನುತ್ತಿದ್ದರು. ನಾನು ಎದುರಿಗೆ ನಿಂತೇ ಇರುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಸ್ಟಾಫ್ ರೂಮಿನಲ್ಲಿರಲಿಲ್ಲ. ಹುಡುಕುತ್ತಾ ಹಿಂದಕ್ಕೆ ಹೋದರೆ, ಹಸಿರು ಬಾಗಿಲು ತೆರೆದು ಅವರೇ ಹೊರಗೆ ಬಂದರು. ಕೈಯಲ್ಲಿ ಚೊಂಬಿತ್ತು. ನನ್ನನ್ನು ನೋಡಿ ನಿಂತುಬಿಟ್ಟರು. ಮುಖ ಕೆಂಪಾಯಿತು.

"ಏನ್ ನೋಡ್ತೀಯ?" ಅಂದರು.

ಅವರು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, ಹೆಗಲು ತಾಗಿಸಿಕೊಂಡೇ ಪಕ್ಕದಿಂದ ಹೋದರು. ಮಾರನೆಯ ದಿನದಿಂದ ಬೀಗದ ಕೈ ಸ್ಟಾಫ್ ರೂಮಿನ ಗೋಡೆಯ ಮೊಳೆಯ ಮೇಲೆ ನೇತಾಡುತ್ತಿತ್ತು. ನಾವಿಬ್ಬರೂ ಅದನ್ನು ತೆಗೆದುಕೊಳ್ಳುತ್ತಿದ್ದೆವು, ಇಡುತ್ತಿದ್ದೆವು. ಮಾತು ಮಾತ್ರ ಆಡಲಿಲ್ಲ. ಅವರು ನಿವೃತ್ತರಾದ ದಿನ ಹಾರ ಹಾಕುವ ಸಾಲಿನಲ್ಲಿ ನಾನು ನಿಲ್ಲಲಿಲ್ಲ.

ಹುಡುಗಿಯರ ವಿಷಯಕ್ಕೆ ಇನ್ನೊಂದು ಸುತ್ತು ಜಗಳವಾಯಿತು. ಆದೇಶ ಸಿಬ್ಬಂದಿಗೆ ಮಾತ್ರ ಎಂದು ಹೆಡ್‌ಮಾಸ್ಟರು ಹಿಡಿದು ಕೂತರು. ನಾನು ಬೀಗದ ಕೈ ತೆಗೆದುಕೊಂಡು ಹೋಗುವಾಗ ಹುಡುಗಿಯರನ್ನೂ ಕರೆದೊಯ್ಯುತ್ತಿದ್ದೆ. ಬೋರಿನಿಂದ ಬಕೆಟ್ಟಿನಲ್ಲಿ ನೀರು ತರುವುದು, ತೊಳೆಯುವುದು ಸರದಿಯ ಮೇಲೆ, ನನ್ನ ಸರದಿಯೂ ಸೇರಿ. ಹೆಡ್‌ಮಾಸ್ಟರು ಇದನ್ನು ಊರೊಳಗೆ ಹೇಗೆ ಹೇಳಿದರೋ, ಒಬ್ಬಳ ಅಪ್ಪ ಸೀದಾ ಕ್ಲಾಸಿನ ಬಾಗಿಲಿಗೆ ಬಂದ. "ನಮ್ಮುಡುಗಿ ಕೈಲಿ ಕಕ್ಕಸಿನ ನೀರು ಒರುಸ್ತೀರಾ ಮೇಡಮ್ಮೋರೆ? ಓದಕ್ಕೆ ಕಳ್ಸಿರಾದು ನಾನು" ಅಂದ. ಅವನ ಕಣ್ಣು ಕೆಂಪಾಗಿತ್ತು. ನಾನೂ ಹೊರುತ್ತೇನೆ ಅಂದೆ. ಅವನಿಗೆ ಅದು ಬೇಕಿರಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಬೆಂಚಿನಿಂದ ಎದ್ದಳು.

"ನಾನೇ ಒರ್ತೀನಿ ಅಂದಿದ್ದು ಕಣಪ್ಪ. ನೀನು ಓಗು" ಅಂದಳು.

ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ, ಬೈದುಕೊಳ್ಳುತ್ತಾ ಹೋದ. ಮರುದಿನ ಅವಳು ಶಾಲೆಗೆ ಬರುತ್ತಾಳೋ ಇಲ್ಲವೋ ಎಂದು ನನಗೆ ಅಳುಕಿತ್ತು. ಬಂದಳು. ಆ ವರ್ಷ ಒಂಬತ್ತನೇ ಕ್ಲಾಸಿನ ಹುಡುಗಿಯರ ಹಾಜರಿ ಮೊದಲಿನಂತೆ ತಿಂಗಳು ತಿಂಗಳು ಬೀಳಲಿಲ್ಲ.

ಬಾಯಾರಿಕೆ ಮರಳಿ ಬಂದದ್ದು ಒಂದು ಬೇಸಿಗೆಯ ಸಂಜೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಹೇಮಾವತಿಯ ಸೇತುವೆ ಹತ್ತಿರ ಬರುತ್ತಿರುವಾಗ ಗಂಟಲಿನಲ್ಲಿ ಏನೋ ಎಳೆದ ಹಾಗಾಯಿತು, ನಾಲಿಗೆ ಅಂಗುಳಕ್ಕೆ ಅಂಟಿತು. ಏನಿದು ಎಂದು ಒಂದು ಕ್ಷಣ ಗೊತ್ತಾಗಲಿಲ್ಲ. ಗೊತ್ತಾದಮೇಲೆ ಬ್ಯಾಗಿನಿಂದ ಬಾಟಲಿ ತೆಗೆದು, ಉಳಿದಿದ್ದ ಬೆಚ್ಚನೆಯ ನೀರನ್ನೆಲ್ಲ ಕುಡಿದೆ. ಇನ್ನೂ ಬೇಕು ಅನ್ನಿಸಿತು. ಸಂತೋಷಕ್ಕಿಂತ ಹೆಚ್ಚಾಗಿ ನನಗೆ ಆಗ ಬಂದದ್ದು ರೋಷ. ಇಷ್ಟು ಸಣ್ಣದನ್ನು ನನ್ನಿಂದ ಕಿತ್ತುಕೊಳ್ಳಲು ಎಷ್ಟೊಂದು ಜನ ಸೇರಿದ್ದರು ಎಂದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ದುದ್ದದ ಕಡೆಯ ಶಾಲೆಯೊಂದಕ್ಕೆ ವರ್ಗವಾಯಿತು. ಹಾಸನದಲ್ಲಿ ಮನೆ ಬಾಡಿಗೆಗೆ ಹಿಡಿದೆವು. ಗಂಡನೂ ಹಾಸನಕ್ಕೆ ವರ್ಗ ಮಾಡಿಸಿಕೊಂಡರು. ಮಾವನವರು ಮೈಸೂರಿನಲ್ಲಿದ್ದ ಹಿರಿಯ ಮಗನ ಮನೆಗೆ ಹೊರಟರು. ಹೊರಡುವಾಗ ಎಲ್ಲರಿಗೂ ಹೇಳಿ, ನನಗೆ ಮಾತ್ರ ಹೇಳಲಿಲ್ಲ. ನಾನು ಅವರ ಹಾಸಿಗೆಯನ್ನು ಕಾರಿಗೆ ತಂದಿಟ್ಟು ಒಳಗೆ ಹೋದೆ.

ಹಾಸನಕ್ಕೆ ಬಂದು ಕೆಲವು ವರ್ಷಕ್ಕೆ ಗಂಡನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಡಾಕ್ಟರ ಕೋಣೆಯಿಂದ ಹೊರಗೆ ಬಂದವರೇ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಇನ್ನು ಮುಂದೆ ಏನು ತಿನ್ನಬೇಕು, ಯಾವಾಗ ನಡೆಯಬೇಕು, ಮಾತ್ರೆ ಎಷ್ಟು ಹೊತ್ತಿಗೆ ಎನ್ನುವುದನ್ನೆಲ್ಲ ನಾನು ನೋಡಿಕೊಳ್ಳಬೇಕೆಂದು ಅವರ ಎಣಿಕೆ. ನಾನು ಚೀಟಿಯನ್ನು ಅವರ ಜೇಬಿಗೇ ವಾಪಸು ಹಾಕಿದೆ.

"ಮೈ ನಿಮ್ಮದು ರೀ. ಅಡಿಗೆಗೆ ಸಕ್ಕರೆ ಹಾಕಲ್ಲ, ಅಷ್ಟು ನಾನು ಮಾಡ್ತೀನಿ. ಮಿಕ್ಕಿದ್ದು ನೀವೇ ಕೇಳಿಸ್ಕೊಳ್ಳಿ."

"ಇಷ್ಟು ಕಲ್ಲುಮನಸ್ಸು ಯಾಕೆ ನಿನಗೆ?" ಅಂದರು.

ಅವರ ಅಕ್ಕ ಫೋನ್ ಮಾಡಿ, ಗಂಡನ ಆರೋಗ್ಯ ಹೆಂಡತಿಯ ಕೈಯಲ್ಲಿರುತ್ತದೆ ಎಂದು ನನಗೆ ಪಾಠ ಹೇಳಿದರು. ಫೋನನ್ನು ಅವರ ತಮ್ಮನಿಗೇ ಕೊಟ್ಟೆ. ಕೆಲವು ತಿಂಗಳು ಗಂಡ ಹಟಕ್ಕೆಂದೇ ಮದುವೆಮನೆಗಳಲ್ಲಿ ಹೋಳಿಗೆ ತಿಂದರು, ಮಾತ್ರೆ ಮರೆತರು, ಮರೆತೆನೆಂದು ನನಗೆ ಕೇಳುವ ಹಾಗೆ ಹೇಳಿದರು. ನಾನು ನನ್ನ ಗಂಜಿ ಕುಡಿದು ನನ್ನ ಪಾಡಿಗೆ ಬಸ್ಸು ಹತ್ತಿದೆ, ಡೇರಿಯ ಹಾಲಿನ ಕ್ಯಾನುಗಳ ಮಧ್ಯೆ ನಿಂತು. ಒಳಗೆ ಹೆದರಿಕೆ ಇರಲಿಲ್ಲವೆಂದಲ್ಲ. ಅವರ ಹಿಮ್ಮಡಿಯ ಒಂದು ಗಾಯ ಎಷ್ಟು ದಿನವಾದರೂ ಒಣಗದೆ, ಡ್ರೆಸಿಂಗಿಗೆ ದಿನಾ ಆಸ್ಪತ್ರೆಗೆ ಅಲೆಯಬೇಕಾಯಿತು. ನಾನು ಜೊತೆಗೆ ಹೋದೆ, ಸ್ಟೂಲಿನ ಮೇಲೆ ಕೂತೆ. ನರ್ಸು ಗಾಯ ಕೆರೆದು ಶುಚಿ ಮಾಡುವಾಗ ಅವರು ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲಿಲ್ಲ.

ಗಾಯ ವಾಸಿಯಾದಮೇಲೆ ಒಂದು ಬೆಳಿಗ್ಗೆ ಅವರು ತಾವೇ ಎದ್ದು, ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಗೆ ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ವಾಪಸು ಬಂದಾಗ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಮಾತ್ರೆಯ ಡಬ್ಬಿಯನ್ನು ಊಟದ ಮೇಜಿನಿಂದ ತೆಗೆದು ತಮ್ಮ ಮಂಚದ ಪಕ್ಕಕ್ಕೆ ಇಟ್ಟುಕೊಂಡರು. ಹಾಗೇ ಅದು ನಡೆದುಕೊಂಡು ಬಂತು. ಈಗ ಅವರ ಸಕ್ಕರೆ ಹತೋಟಿಯಲ್ಲಿದೆ, ನನ್ನ ಮೂತ್ರಪಿಂಡ ಸರಿಯಾಗಿದೆ. ಸಿಟ್ಟು ಕಡಿಮೆ ಮಾಡಿ, ಬಿ.ಪಿ. ಬರುತ್ತದೆ ಎಂದು ಡಾಕ್ಟರು ನನಗೆ ಆಗಾಗ ಹೇಳುತ್ತಾರೆ. ಉಪ್ಪು ಕಡಿಮೆ ಮಾಡಿದ್ದೇನೆ. ಬೆಳಿಗ್ಗೆ ನಾವಿಬ್ಬರೂ ನಡೆಯಲು ಹೋಗುತ್ತೇವೆ. ಅವರು ಪಾರ್ಕಿನ ಕಡೆಗೆ, ಗೆಳೆಯರ ಗುಂಪಿನ ಜೊತೆ ಜೋರಾಗಿ ಮಾತಾಡುತ್ತಾ. ನಾನು ರಿಂಗ್ ರೋಡಿನ ಕಡೆಗೆ, ಒಬ್ಬಳೇ.